ಹಸಿರು ಅರಿವೆಯ ಗಂಟು

ಇದನ್ನು ಬರೆಯುವುದನ್ನು ಹನ್ನೆರಡು ವರ್ಷ ಮುಂದೂಡಿದ್ದೇನೆ. ಮೊನ್ನೆ ಸೊಸೆ ಸಂತೆಯಿಂದ ತಂದ ನಿಂಬೆಹಣ್ಣಿನ ಚೀಲ ಸುರಿದಳು. ಒಂದು ಕೊಳೆತಿತ್ತು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ, ಹೊರ್ತಿ ಆಯಿ ಕಣ್ಣೆದುರು ಬಂದು ಕೂತಳು...

ಆಗ ನಾನು ಇಂಡಿ ಪಟ್ಟಣದ ಒಂದು ನಿಂಬೆ ಗೋದಾಮಿನಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ಮುಕಾದಮ. ಹೆಣ್ಣಾಳುಗಳು ಹಣ್ಣು ಆರಿಸಿ ಚೀಲ ತುಂಬುತ್ತಿದ್ದರು. ಯಾರ ಚೀಲ ಯಾವುದೆಂದು ತಿಳಿಯಲು ಒಬ್ಬೊಬ್ಬರೂ ತಮ್ಮ ಹಳೆಯ ಸೀರೆಯ ಚೂರಿನಿಂದ ಅದರ ಬಾಯಿ ಕಟ್ಟುವುದು ರೂಢಿ. ಹೊರ್ತಿ ಹಳ್ಳಿಯಿಂದ ಬರುತ್ತಿದ್ದ ಆ ಮುದುಕಿಯದು ಹಸಿರು ಇಳಕಲ್ ಸೀರೆ. ಎರಡು ಸುತ್ತು ಬಿಗಿದು, ತುದಿಯನ್ನು ಒಳಗೆ ಸಿಕ್ಕಿಸುತ್ತಿದ್ದಳು.

ಸಾಹುಕಾರರು ಕ್ಯಾಮರಾ ಹಾಕಿಸಿದ ಮೇಲೆ ನಾವೆಲ್ಲ ಅದರ ಕೆಳಗೆ ಒಂದೊಂದು ಹಣ್ಣನ್ನೂ ತಿರುವಿ ನೋಡತೊಡಗಿದೆವು. ಆಯಿ ಮಾತ್ರ ಅದಕ್ಕೆ ಕಾಣದ ಮೂಲೆಯಲ್ಲೇ ಉಳಿದಳು. ಮೊಣಕಾಲು ನೋವು, ಗೋಡೆಗೆ ಒರಗಬೇಕಿತ್ತು.

“ಈ ಕಡೆ ಬಾ ಆಯಿ, ಸಾಹುಕಾರ್ರಿಗೆ ನಿನ್ನ ಮಾರಿ ಕಾಣವಲ್ದು,” ಎಂದು ಹೆಂಗಸರು ಕಾಡಿದರೆ, “ಈ ಮಾರಿ ನೋಡಿ ಏನ ಮಾಡ್ತಾನ, ಲಗ್ನಾ ಮಾಡ್ಕೋತಾನೇನ?” ಎನ್ನುತ್ತಿದ್ದಳು. ಯಾರೂ ನೋಡದ ಆ ಮೂಲೆಯಲ್ಲಿ ಸಣ್ಣ ಚುಕ್ಕೆ ಬಿದ್ದ ಹಣ್ಣನ್ನೂ ಪಕ್ಕಕ್ಕೆ ಎಸೆಯುತ್ತಿದ್ದಳು.

ಒಂದು ಮಧ್ಯಾಹ್ನ ಲಾರಿ ಹೊರಟು ನಿಂತಿತ್ತು, ಒಂದು ಚೀಲ ಕಡಿಮೆ. ಆಯಿ ಊಟಕ್ಕೆ ಎದ್ದಿದ್ದಳು. ನಾನು ಅವಳ ಮೂಲೆಗೆ ಹೋಗಿ, ಅವಳು ಎಸೆದಿದ್ದ ಹಣ್ಣನ್ನೇ ಚೀಲಕ್ಕೆ ತುಂಬಿ, ಮೇಲೆ ನಾಲ್ಕು ಬೊಗಸೆ ಒಳ್ಳೆಯದು ಹರವಿದೆ. ಅಲ್ಲೇ ಬಿದ್ದಿದ್ದ ಹಸಿರು ಚೂರಿನಿಂದ ಬಾಯಿ ಕಟ್ಟಿದೆ. ಕೈಗೆ ಸಿಕ್ಕಿದ್ದು ಅದೇ ಎಂದು ಆಗ ಹೇಳಿಕೊಂಡೆ... ಅಲ್ಲ. ತಲೆಯೆತ್ತಿ, ಕ್ಯಾಮರಾ ಎತ್ತ ಮುಖ ಮಾಡಿದೆ ಎಂದು ಖಾತ್ರಿ ಮಾಡಿಕೊಂಡೇ ಕಟ್ಟಿದ್ದೆ.

ಮೂರನೆಯ ದಿನ ಚೀಲ ತಿರುಗಿ ಬಂತು. ಕೊಂಡವರು ಪಕ್ಕೆ ಸೀಳಿ ನೋಡಿದ್ದರು, ಒಳಗೆಲ್ಲ ಕೊಳೆತ ಹಣ್ಣು; ಬಾಯಿ ಮಾತ್ರ ನಾನು ಕಟ್ಟಿದಂತೆಯೇ ಇತ್ತು. “ಇದಕ್ಕೇನ ಮೂಲಿ ಹಿಡದ ಕುಂದ್ರೂದು?” ಎಂದು ಸಾಹುಕಾರರು ಅದನ್ನು ಆಯಿಯ ಮುಂದೆ ಒಗೆದರು.

ಅವಳು ಚೀಲದ ಬಾಯಿ ಮುಟ್ಟಿ ನೋಡಿದಳು. “ಅರಿವಿ ನಂದ ಐತ್ರಿ ಸಾಹುಕಾರ್ರ. ಗಂಟು ನಂದಲ್ಲ.” ಆಮೇಲೆ ನನ್ನತ್ತ ತಿರುಗಿದಳು. “ನೀನರೆ ಹೇಳೋ ತಮ್ಮಾ, ನನ್ನ ಗಂಟು ದಿನಾ ನೋಡ್ತಿ.”

ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಮೇಲಿನಿಂದ ಕ್ಯಾಮರಾ ನೋಡುತ್ತಿತ್ತು.

“ಆ ಮೂಲ್ಯಾಗ ಏನ ನಡೀತೈತಿ, ಯಾರಿಗೆ ಗೊತ್ರಿ,” ಎಂದೆ.

ಆಯಿ ನೆಲದ ಮೇಲಿದ್ದ ಹಸಿರು ಚೂರುಗಳನ್ನೆಲ್ಲ ಆರಿಸಿ ಸೆರಗಿಗೆ ಕಟ್ಟಿಕೊಂಡು, ಗೋಡೆ ಹಿಡಿದು ಎದ್ದಳು. ಒಂದನ್ನೂ ಬಿಟ್ಟು ಹೋಗಲಿಲ್ಲ. ಆಮೇಲೆ ಊರಿನ ಯಾವ ಗೋದಾಮೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ಒಮ್ಮೆ ಹೊರ್ತಿಯ ಬಸ್ಸು ಹತ್ತಿದೆ. ಇಳಿದವನಿಗೆ ಅವಳ ಮನೆ ಎಲ್ಲಿ ಎಂದು ಕೇಳುವ ಧೈರ್ಯ ಬರಲಿಲ್ಲ. ಅದೇ ಬಸ್ಸಿಗೆ ಮರಳಿದೆ. ಈಗ ಹೋದರೆ ಅವಳಿಲ್ಲ. ತೀರಿಕೊಂಡು ನಾಲ್ಕು ವರ್ಷವಾಯಿತು.

ಮೊನ್ನೆ ಆ ಕೊಳೆತ ಹಣ್ಣನ್ನು ಎಸೆಯಲು ಹಿತ್ತಲಿಗೆ ಹೋದೆ. ಯಾರೂ ಇರಲಿಲ್ಲ. ಆದರೂ ತಲೆಯೆತ್ತಿ ಸುತ್ತ ನೋಡಿದೆ... ತಪ್ಪಾಯಿತು ಎಂದು ನಾನು ಹೇಳದೇ ಉಳಿದದ್ದು ಒಬ್ಬಳಿಗೆ. ಹೊರ್ತಿ ಆಯಿಗೆ.