ಹಬೆಯಣ್ಣನ ಅಂಗೈ

ನಮ್ಮ ಬೀದಿಯ ಕೊನೆಯಲ್ಲಿ, ಟೈರ್ ಅಂಗಡಿಗೂ ಕ್ಷೌರದಂಗಡಿಗೂ ನಡುವೆ, ಹತ್ತಡಿ ಅಗಲದ ಒಂದು ಗ್ಯಾರೇಜಿದೆ. ಅದರ ಯಜಮಾನನನ್ನು ಎಲ್ಲರೂ ಹಬೆಯಣ್ಣ ಎನ್ನುತ್ತಾರೆ. ನೀರಿನಿಂದ ತಂಪಾಗುವ ಇಂಜಿನ್ನಿನ ಹಳೆಯ ಬೈಕುಗಳು ವಯಸ್ಸಾದಂತೆ ಕಾದು ಹಬೆ ಉಗುಳುವುದುಂಟು. ಬೇರೆ ಮೆಕ್ಯಾನಿಕ್ಕುಗಳು ಕೈಚೆಲ್ಲಿದ ಅಂಥ ಬೈಕುಗಳೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು ಅವನ ಬಾಗಿಲಲ್ಲಿ. ಹೆಸರು ಹಾಗೆ ಬಂದದ್ದು.

ಬೈಕು ಬಂದೊಡನೆ ಅವನು ಸ್ಪ್ಯಾನರ್ ಎತ್ತುತ್ತಿರಲಿಲ್ಲ. ಬೈಕನ್ನು ನೆರಳಿಗೆ ತಳ್ಳಿ, ತಣ್ಣಗಾಗಲು ಬಿಟ್ಟು, ಸವಾರನನ್ನು ಬೆಂಚಿನ ಮೇಲೆ ಕೂರಿಸಿ ಕೇಳುತ್ತಿದ್ದ: "ಯಾವಾಗ ಕಾಯುತ್ತೆ? ನಿಂತಾಗಲೋ, ಓಡುವಾಗಲೋ?" ಸಿಗ್ನಲ್ಲಿನಲ್ಲಿ ನಿಂತಾಗ ಕಾದು, ಓಡುವಾಗ ಸರಿಹೋದರೆ ದೋಷ ಫ್ಯಾನಿನದು, ಓಡುವ ಬೈಕಿಗೆ ಗಾಳಿ ತಾನಾಗಿ ಬರುತ್ತದೆ, ನಿಂತದ್ದಕ್ಕೆ ಫ್ಯಾನೇ ಬೀಸಬೇಕು. ನಿಂತಾಗ ಸುಮ್ಮನಿದ್ದು ಏರು ಹತ್ತುವಾಗ ಕಾದರೆ, ನೀರನ್ನು ತಣಿಸುವ ರೇಡಿಯೇಟರಿನ ಒಳಗೆ ನೀರಿನ ದಾರಿ ಕಟ್ಟಿರುವ ಸಂಭವ ಹೆಚ್ಚು. ಹೊರಗೆ ಒಂದು ಹನಿಯೂ ಸೋರದೆ ನೀರು ಇಳಿಯುತ್ತಿದ್ದರೆ ಅದು ಇಂಜಿನ್ನಿನೊಳಗೇ ಸೋರುತ್ತಿರಬಹುದು.

"ಗಾಡಿಗೆ ಬಾಯಿಲ್ಲ, ಗಾಡಿಯವನಿಗಿದೆ. ಮೊದಲು ಅವನ ಮಾತು ಕೇಳ್ಬೇಕು, ಆಮೇಲೆ ಕೈ ಇಡ್ಬೇಕು" ಎನ್ನುವುದು ಅವನ ನಿಯಮ.

ಆ ಕೈಗಾಗಿಯೇ ಜನ ಬರುತ್ತಿದ್ದದ್ದು. ಇಂಜಿನ್ನು ಓಡುತ್ತಿರುವಾಗ ಅವನು ಕೊಳವೆಯ ಮೇಲೆ ಅಂಗೈ ಇಟ್ಟು, ಬಿಸಿನೀರು ಯಾವ ಗಳಿಗೆಯಲ್ಲಿ ಹರಿಯಲು ತೊಡಗಿತೆಂದು ಹೇಳುತ್ತಿದ್ದ. ಆಮೇಲೆ ಇಂಜಿನ್ನು ನಿಲ್ಲಿಸಿ, ರೇಡಿಯೇಟರಿನ ಮುಖದ ಮೇಲೆ ಬೆರಳಗಲ ಬೆರಳಗಲವಾಗಿ ಅಂಗೈ ಸರಿಸುತ್ತಿದ್ದ. ಅದರೊಳಗೆ ಸಣ್ಣ ನಾಳಗಳ ಸಾಲಿರುತ್ತದೆ. ನೀರು ಹರಿದ ನಾಳ ಬಿಸಿ, ಕಟ್ಟಿಕೊಂಡದ್ದು ತಣ್ಣಗೆ. ತಣ್ಣಗಿದ್ದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಬಿಚ್ಚಿ ನೋಡಿದರೆ ಕಸ ಆ ಗೆರೆಯ ಒಳಗೇ ಇರುತ್ತಿತ್ತು. ಕೈಗುಣ ಎಂದು ಜನ ಅಂದರು. ಇಪ್ಪತ್ತೆಂಟು ವರ್ಷದ ಅನುಭವ ಅಂದರು.

ಆ ಕೈ ಸಾಯತೊಡಗಿದ್ದನ್ನು ಮೊದಲು ಕಂಡವಳು ಅವನ ಹೆಂಡತಿ. ಒಂದು ಬೆಳಿಗ್ಗೆ ಅವನು ಒಲೆಯ ಮೇಲಿದ್ದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ.

"ರೀ! ಸುಡ್ಲಿಲ್ವಾ?"

"ಸುಡೋಕೆ ಅದೇನು ನಿನ್ನ ಮಾತಾ?"

ಅವಳು ನಕ್ಕಳು. ಮಧ್ಯಾಹ್ನ ಊಟ ಬಡಿಸುವಾಗ ಅವನ ಬೆರಳುಗಳಲ್ಲಿ ಮೂರು ಬೊಬ್ಬೆ ಕಂಡು ನಗು ನಿಂತಿತು. ಎಳೆದುಕೊಂಡೇ ಆಸ್ಪತ್ರೆಗೆ ಹೋದಳು. ಸಕ್ಕರೆ ಕಾಯಿಲೆ, ಬಹಳ ವರ್ಷದಿಂದ ಇರಬೇಕು, ನರಗಳಿಗೆ ಪೆಟ್ಟಾಗಿದೆ, ಮೊದಲು ಪಾದ, ಆಮೇಲೆ ಅಂಗೈ ಎಂದರು ಡಾಕ್ಟರು. ಪಾದ ಜೋಮು ಹಿಡಿದು ಎರಡು ವರ್ಷವಾಗಿತ್ತು. ಚಪ್ಪಲಿ ಸರಿಯಿಲ್ಲ ಎಂದುಕೊಂಡು ಅವನು ನಾಲ್ಕು ಜೊತೆ ಬದಲಿಸಿದ್ದ.

"ಯಾರಿಗೂ ಹೇಳ್ಬೇಡ ಕಣೇ. ನನ್ನ ತಮ್ಮನಿಗೂ ಬೇಡ" ಎಂದ. "ಕೈ ಸತ್ತ ಮೆಕ್ಯಾನಿಕ್ಕನ ಹತ್ರ ಯಾರು ಬರ್ತಾರೆ?"

ಅವಳು ಹೇಳಲಿಲ್ಲ. ಆದರೆ ಬಿಡಿಭಾಗದ ಅಂಗಡಿಯಿಂದ, ಗುರಿಯಿಟ್ಟು ಗುಂಡಿ ಒತ್ತಿದರೆ ಎಷ್ಟು ಡಿಗ್ರಿ ಬಿಸಿಯೆಂದು ತೋರಿಸುವ ಪಿಸ್ತೂಲಿನಂಥ ಮಾಪಕವೊಂದನ್ನು ತಂದು ಗ್ಯಾರೇಜಿನ ಮೊಳೆಗೆ ತೂಗುಹಾಕಿದಳು.

"ಕಳ್ಳರನ್ನ ಹಿಡಿಯೋಕಾ?" ಎಂದು ಕೇಳಿದ. ಅದರ ಪ್ಲಾಸ್ಟಿಕ್ ಹೊದಿಕೆ ತೆಗೆಯಲಿಲ್ಲ.

ಅವನ ತಮ್ಮ ಊರಾಚೆಯ ಮರದ ಮಿಲ್ಲಿನಲ್ಲಿ ಗರಗಸ ನಡೆಸುತ್ತಾನೆ. ಅಣ್ಣನಿಗಿಂತ ಹನ್ನೊಂದು ವರ್ಷ ಚಿಕ್ಕವನು. ಅವನ ಹತ್ತಿರ ಹದಿನೆಂಟು ವರ್ಷದ ಒಂದು ದೊಡ್ಡ ಬೈಕಿತ್ತು. ಅಮ್ಮ ಇದ್ದದ್ದು ಗುಡ್ಡದಾಚೆ, ಮಗಳ ಮನೆಯಲ್ಲಿ, ಐವತ್ತೆಂಟು ಕಿಲೋಮೀಟರ್ ದೂರ. ಕೆಲವು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಅತ್ತ ಹೋಗುವ ಬಸ್ಸು ದಿನಕ್ಕೊಂದು, ಬೆಳಿಗ್ಗೆ ಒಂಬತ್ತಕ್ಕೆ. ಅಣ್ಣನ ಸ್ಕೂಟರು ಇಬ್ಬರನ್ನು ಹೊತ್ತು ಗುಡ್ಡ ಹತ್ತುವಂಥದ್ದಲ್ಲ. ಹಾಗಾಗಿ ಅಮ್ಮನನ್ನು ನೋಡಲು ಇಬ್ಬರಿಗೂ ಆ ಬೈಕೇ ಗತಿ.

ಒಂದು ಸೋಮವಾರ ತಮ್ಮ ಬೈಕು ತಂದು ನಿಲ್ಲಿಸಿದ.

"ಅಣ್ಣ, ಕೆಂಪು ದೀಪ ಹತ್ತುತ್ತೆ."

"ಯಾವಾಗ?"

"ನಿನ್ನೆ ನಾನೊಬ್ನೇ ಗುಡ್ಡ ಹತ್ತುವಾಗ ಎರಡು ಸಲ. ಊರೊಳಗೆ ಏನೂ ಇಲ್ಲ."

ಏರು ಎಂದಮೇಲೆ ರೇಡಿಯೇಟರು. ಹಬೆಯಣ್ಣ ಬಿಸಿಯಾದ ಇಂಜಿನ್ನನ್ನು ನಿಲ್ಲಿಸಿ ಅಂಗೈ ಸರಿಸಿದ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಎಲ್ಲ ಕಡೆ ಒಂದೇ ಸಮ. ಎಲ್ಲಿಯೂ ತಣ್ಣಗಿನ ತೇಪೆ ಇಲ್ಲ. ಇಪ್ಪತ್ತೆಂಟು ವರ್ಷ ಅವನಿಗೆ ಆ ಸಮತೆಯ ಅರ್ಥ ಒಂದೇ ಆಗಿತ್ತು: ಒಳಗೆ ದಾರಿ ಚೊಕ್ಕವಾಗಿದೆ. ಬಿಸಿಯನ್ನೂ ತಂಪನ್ನೂ ಬೇರೆ ಮಾಡಲಾರದ ಅಂಗೈಗೆ ಯಾವ ರೇಡಿಯೇಟರಾದರೂ ಒಂದೇ ಸಮ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ, ಅಥವಾ ಅವನೇ ಹೊಳೆಯಗೊಡಲಿಲ್ಲ. ಫ್ಯಾನಿನ ಸ್ವಿಚ್ಚು ಸ್ವಲ್ಪ ತುಕ್ಕು ಹಿಡಿದಿತ್ತು. ಅದನ್ನು ಬದಲಿಸಿ, ಅರ್ಧ ಗಂಟೆ ಇಂಜಿನ್ನು ಓಡಿಸಿದ. ಫ್ಯಾನು ತಿರುಗಿತು, ಕೆಂಪು ದೀಪ ಹತ್ತಲಿಲ್ಲ. ನಿಂತ ಬೈಕಿಗೆ ಅರ್ಧ ಕಟ್ಟಿದ ರೇಡಿಯೇಟರಾದರೂ ಸಾಕು.

"ಏರಿನಲ್ಲಿ ಅಂತ ಹೇಳಿದ್ನಲ್ಲ ಅಣ್ಣ?"

"ಕೈ ಇಟ್ಟು ನೋಡಿದೀನಿ ಕಣೋ. ಗರಗಸ ನಿಂದು, ಗಾಡಿ ನಂದು. ಹೋಗು."

ಮರುವಾರ ಬುಧವಾರ ಹತ್ತೂವರೆಗೆ ತಂಗಿಯ ಫೋನು ಬಂತು. "ಅಣ್ಣ, ಅಮ್ಮನಿಗೆ ಉಸಿರು ಎಳೀತಿದೆ. ಸಂಜೆ ದಾಟೋದು ಕಷ್ಟ ಅಂದ್ರು ಡಾಕ್ಟರು. ಮಾತು ಇನ್ನೂ ಇದೆ. ದೊಡ್ಡೋನು ಚಿಕ್ಕೋನು ಇಬ್ರೂ ಬರ್ಲಿ ಅಂತಿದಾಳೆ."

ಹನ್ನೊಂದಕ್ಕೆ ಹೊರಟರು. ತಮ್ಮ ಓಡಿಸುತ್ತಿದ್ದ, ಅಣ್ಣ ಹಿಂದೆ. ಏರು ಶುರುವಾಗಿ ಐದನೆಯ ಕಿಲೋಮೀಟರಿಗೆ ಕೆಂಪು ದೀಪ ಹತ್ತಿತು. ನಿಲ್ಲಿಸಿ ಇಪ್ಪತ್ತು ನಿಮಿಷ ಕಾದರು. ಮತ್ತೆ ಎರಡು ಕಿಲೋಮೀಟರು, ಮತ್ತೆ ದೀಪ. ಈ ಸಲ ಬೈಕು, ಹೆಚ್ಚಾದ ನೀರು ಹೊರಹೋಗುವ ಪೈಪಿನಿಂದ ಬಿಸಿನೀರನ್ನು ರಸ್ತೆಗೆ ಉಗುಳಿತು.

"ಮುಚ್ಚಳ ತೆಗೆದು ನೀರು ಹಾಕಣ ಅಣ್ಣ, ಬಾಟ್ಲಿ ಇದೆ."

"ಈಗ ತೆಗೆದ್ರೆ ಮುಖಕ್ಕೆ ಎರಚುತ್ತೆ. ಮುಕ್ಕಾಲು ಗಂಟೆ ಬಿಡ್ಬೇಕು."

"ಮುಕ್ಕಾಲು ಗಂಟೆನಾ!"

"ಇಲ್ಲಾಂದ್ರೆ ಇಂಜಿನ್ನು ಹಿಡಿದುಕೊಂಡು ನಿಂತೇ ಹೋಗುತ್ತೆ. ಆಮೇಲೆ ಅದನ್ನ ಹೊತ್ಕೊಂಡು ಹೋಗ್ತೀಯಾ?"

ತಮ್ಮ ಕಲ್ಲಿನ ಮೇಲೆ ಕೂತ. ಅಣ್ಣ ಅಭ್ಯಾಸಬಲದಿಂದ ಬಗ್ಗಿ ರೇಡಿಯೇಟರಿನ ಮೇಲೆ ಅಂಗೈ ಇಟ್ಟ. ಇಟ್ಟೇ ಇದ್ದ. ತಮ್ಮ ತಾನೂ ಒಂದು ಕೈ ಚಾಚಿದವನು ಚಟ್ಟನೆ ಹಿಂದಕ್ಕೆಳೆದುಕೊಂಡ.

"ಅಯ್ಯೋ! ಕೆಂಡ ಕಣಣ್ಣ ಇದು. ಕೈ ತೆಗಿ!"

ಅಣ್ಣ ತೆಗೆದ. ಅಂಗೈಯಲ್ಲಿ ರೇಡಿಯೇಟರಿನ ಗೆರೆಗಳು ಕೆಂಪಾಗಿ ಮೂಡಿದ್ದವು. ತಮ್ಮ ಆ ಅಂಗೈಯನ್ನೂ ಅಣ್ಣನ ಮುಖವನ್ನೂ ನೋಡಿದ. ಆಮೇಲೆ ಬೆರಳ ತುದಿಯಿಂದ ರೇಡಿಯೇಟರನ್ನು ಅಲ್ಲಲ್ಲಿ ಮುಟ್ಟಿದ.

"ಇಲ್ಲಿ ಕೆಂಡ. ಇಲ್ಲಿಂದ ಕೆಳಗೆ ತಣ್ಣಗೆ. ಅರ್ಧಕ್ಕರ್ಧ ತಣ್ಣಗಿದೆ. ನಿಂಗೆ ಗೊತ್ತಾಗ್ತಿಲ್ವಾ?"

"ಇಲ್ಲ."

"ಎಷ್ಟು ದಿನದಿಂದ?"

"ವರ್ಷ ಆಗ್ತಾ ಬಂತು."

ತಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಹಬೆಯಣ್ಣ ಆಮೇಲೆ ಹೆಂಡತಿಗೆ ಹೇಳಿದ. ತಮ್ಮ ಇಷ್ಟೇ ಅಂದ: "ನಂಗಾದ್ರೂ ಹೇಳ್ಬಾರ್ದಿತ್ತಾ? ನಾನು ಮುಟ್ಟಿ ಹೇಳ್ತಿದ್ದೆ."

ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನ ಲಾರಿಯೊಂದು ಏದುಸಿರು ಬಿಡುತ್ತ ಏರಿ ಬಂತು. ಇಬ್ಬರೂ ಅಡ್ಡ ನಿಂತು ಕೈ ಬೀಸಿದರು. ಡ್ರೈವರು ಇಣುಕಿದ.

"ಹಿಂದೆ ಸಿಲಿಂಡರು, ಹತ್ತೋ ಹಾಗಿಲ್ಲ. ಮುಂದೆ ಒಬ್ರಿಗೆ ಜಾಗ ಇದೆ. ಯಾರು ಬರ್ತೀರಿ? ಬೇಗ ಹೇಳಿ, ಏರಲ್ಲಿ ನಿಲ್ಸಿದೀನಿ."

"ಅಣ್ಣ, ನೀನು ಹತ್ತು. ನೀನು ದೊಡ್ಡೋನು."

"ನೀನು ಹೋಗೋ. ಈ ಗಾಡೀನ ಮೇಲೆ ಹತ್ತಿಸೋದು ನಿಂಗೆ ಬರಲ್ಲ."

"ಗಾಡಿ ಹಾಳಾಗಿ ಹೋಗ್ಲಿ, ಇಲ್ಲೇ ಬಿಡೋಣ. ನೀನು ಲಾರಿ ಹತ್ತು, ನಾನು ಮುಂದಿನದರಲ್ಲಿ ಬರ್ತೀನಿ."

"ಮುಂದಿನದು ಬರುತ್ತೆ ಅಂತ ಯಾರು ಹೇಳಿದ್ರು? ಆ ಸೋಮವಾರ ನಿನ್ನ ಮಾತು ಕೇಳಿದ್ದಿದ್ರೆ ಈ ಹೊತ್ತಿಗೆ ಇಬ್ರೂ ಅಮ್ಮನ ಹತ್ರ ಇರ್ತಿದ್ವಿ. ಹತ್ತೋ ಅಂದ್ರೆ!"

ಡ್ರೈವರು ಹಾರನ್ನು ಒತ್ತಿದ. ಅಣ್ಣ ತಮ್ಮನ ಬೆನ್ನಿಗೆ ಕೈಕೊಟ್ಟು ಕ್ಯಾಬಿನ್ನಿಗೆ ತಳ್ಳಿ ಬಾಗಿಲು ಹಾಕಿದ. "ನಾನು ಹಿಂದೇನೇ ಬರ್ತಿದೀನಿ ಅಂತ ಹೇಳು" ಎಂದ.

ಲಾರಿ ಹೋಯಿತು. ಮುಕ್ಕಾಲು ಗಂಟೆ ಅವನು ಕಾದ. ಬೆರಳಿನ ಮೇಲೆ ನಂಬಿಕೆಯಿಲ್ಲದೆ ರೇಡಿಯೇಟರಿನ ಮುಚ್ಚಳಕ್ಕೆ ಕೆನ್ನೆ ತಾಗಿಸಿ ನೋಡಿ, ತೆಗೆದು, ಬಾಟ್ಲಿಯ ನೀರು ತುಂಬಿದ. ಫ್ಯಾನಿಗೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟು, ಅದು ನಿಲ್ಲದೆ ತಿರುಗುವಂತೆ ಮಾಡಿದ. ಎರಡನೆಯ ಗೇರಿನಲ್ಲಿ, ನಡೆಯುವವನಿಗಿಂತ ತುಸು ಬೇಗ, ದೀಪ ಹತ್ತುವ ಮೊದಲೇ ನಿಂತು, ಮತ್ತೆ ಹೊರಟು, ಗುಡ್ಡ ದಾಟಿದ. ಆ ಹೊತ್ತಿನಲ್ಲಿ ಮೇಲಕ್ಕೆ ಹೋದದ್ದು ಎರಡೇ ವಾಹನ, ಎರಡೂ ತುಂಬಿದ್ದವು. ತಂಗಿಯ ಮನೆ ಮುಟ್ಟಿದಾಗ ಮೂರು ಗಂಟೆ.

ಅಮ್ಮ ಎರಡು ಇಪ್ಪತ್ತಕ್ಕೆ ಹೋಗಿದ್ದಳು.

ತಮ್ಮ ಮುಟ್ಟಿದ್ದು ಒಂದೂವರೆಗೆ. ಅವಳಿಗೆ ಗುರುತು ಸಿಕ್ಕಿತು. "ದೊಡ್ಡೋನು?" ಎಂದು ಕೇಳಿದಳು. "ಹಿಂದೇನೇ ಬರ್ತಿದಾನಮ್ಮ" ಎಂದ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಅದೇ ಉತ್ತರ ಕೊಟ್ಟ. ಮೂರನೆಯ ಸಲ ಬರೀ ಬಾಗಿಲ ಕಡೆ ನೋಡಿದಳು.

ಹಬೆಯಣ್ಣ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಹಾಸಿಗೆಯ ಪಕ್ಕ ಕೂತ. ಹೊದಿಕೆಯ ಕೆಳಗೆ ಕೈಹಾಕಿ ಅಮ್ಮನ ಕೈ ಹಿಡಿದ. ಅವಳ ಕೈಯ ತೂಕ ತಿಳಿಯಿತು, ಬೆರಳಿನ ಗಂಟುಗಳು ತಿಳಿದವು. ಬೇರೇನೂ ತಿಳಿಯಲಿಲ್ಲ. ಬಲಗೈ ಬಿಟ್ಟು ಎಡಗೈಯಲ್ಲಿ ಹಿಡಿದು ನೋಡಿದ. ಕೊನೆಗೆ ತಂಗಿಯ ಕಡೆ ತಿರುಗಿದ.

"ನೀನು ಮುಟ್ಟಿ ಹೇಳೇ. ಇನ್ನೂ ಬೆಚ್ಚಗಿದೆಯಾ?"

ತಂಗಿಗೆ ಏನೂ ಗೊತ್ತಿರಲಿಲ್ಲ. ಅಣ್ಣ ಯಾಕೆ ಹೀಗೆ ಕೇಳುತ್ತಾನೆ ಎಂದು ಬೆರಗಾದಳು. ಆದರೂ ಮುಟ್ಟಿದಳು. "ಬೆಚ್ಚಗಿದೆ ಅಣ್ಣ" ಎಂದಳು. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಹೊದ್ದು ಮಲಗಿದ ಮೈ ನಲವತ್ತು ನಿಮಿಷದಲ್ಲಿ ಹೆಚ್ಚೇನೂ ತಣಿಯುವುದಿಲ್ಲ. ಅವನು ತಲೆಯಾಡಿಸಿ, ಬಂದ ನೆಂಟರು ಎಬ್ಬಿಸುವವರೆಗೂ ಆ ಕೈ ಬಿಡಲಿಲ್ಲ.

ಹದಿನೈದು ದಿನದ ಮೇಲೆ ಗ್ಯಾರೇಜಿನ ಬಾಗಿಲು ತೆಗೆದು, ತಮ್ಮನ ಬೈಕಿನ ರೇಡಿಯೇಟರು ಬಿಚ್ಚಿ, ಗರಗಸದಿಂದ ಅಡ್ಡ ಕೊಯ್ದ. ಕೆಳಗಿನ ಅರ್ಧದ ನಾಳಗಳೆಲ್ಲ ಬೆಳ್ಳಗೆ ಗಟ್ಟಿಯಾಗಿ ಕಟ್ಟಿದ್ದವು. ಅದರ ಮೇಲೆ ನಿಂಬೆಹಣ್ಣು ಹಿಂಡಿದ. ಬುರುಬುರು ನೊರೆ ಎದ್ದಿತು. ಸುಣ್ಣ. ಬೋರ್‌ವೆಲ್ಲಿನ ಗಡಸು ನೀರು ಕಾದು ಕಾದು ಬಿಟ್ಟ ಸುಣ್ಣ. ಊರೊಳಗೆ ಬರುವುದು ಕೆರೆಯ ನೀರು. ಬೋರ್‌ವೆಲ್ಲಿರುವುದು ಮರದ ಮಿಲ್ಲಿನಲ್ಲಿ. ನೀರು ಕಡಿಮೆಯಾದಾಗಲೆಲ್ಲ ತಮ್ಮ ಅಲ್ಲಿನ ನಲ್ಲಿಯಿಂದಲೇ ತುಂಬಿಸುತ್ತಿದ್ದನೆಂದು ಅಣ್ಣನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬ್ಯಾಟರಿಗೆ ಹಾಕುವಂಥ ಶುದ್ಧ ನೀರನ್ನೇ ಈ ಬೈಕಿಗೂ ಹಾಕಬೇಕೆಂದು ತಮ್ಮನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ಮಿಲ್ಲಿನಿಂದ ತಮ್ಮ ಬರುವ ಹೊತ್ತಿಗೆ ಕೊಯ್ದ ರೇಡಿಯೇಟರನ್ನು ಗೋಣಿಚೀಲದಲ್ಲಿ ಕಟ್ಟಿ ಗುಜರಿಯವನಿಗೆ ಕೊಟ್ಟಾಗಿತ್ತು. ಬೈಕಿಗೆ ಬೇರೆಯದನ್ನು ಕೂರಿಸಿದ್ದ.

"ಒಳಗೆ ಏನಿತ್ತಣ್ಣ?"

"ಏನಿರುತ್ತೆ? ವಯಸ್ಸಾಗಿತ್ತು. ಕೈ ಸರಿ ಇದ್ದಿದ್ರೆ ಆ ಸೋಮವಾರನೇ ಗೊತ್ತಾಗ್ತಿತ್ತು."

ಹಬೆಯಣ್ಣ ಶುದ್ಧ ನೀರಿನ ಐದು ಲೀಟರಿನ ಕ್ಯಾನೊಂದನ್ನು ತಮ್ಮನ ಮುಂದೆ ಇಟ್ಟ. "ಇನ್ಮೇಲೆ ಇದನ್ನ ಹಾಕು. ಖಾಲಿಯಾದ್ರೆ ಬಂದು ತಗೊಂಡು ಹೋಗು."

ತಮ್ಮ ಕ್ಯಾನನ್ನು ನೋಡುತ್ತ ನಿಂತ. "ಯಾಕೆ, ನಲ್ಲಿ ನೀರು ಹಾಕ್ಬಾರ್ದಾ?"

"ಹಾಕ್ಬಾರ್ದು ಅಂತೇನಿಲ್ಲ" ಎಂದ ಅಣ್ಣ, ಮೊಳೆಯಿಂದ ಮಾಪಕ ಇಳಿಸಿ ಅದರ ಹೊದಿಕೆ ಬಿಡಿಸುತ್ತ, ತಲೆ ಎತ್ತದೆ. "ಇದು ಸ್ವಲ್ಪ ಒಳ್ಳೇದು, ಅಷ್ಟೇ."