ಅಂಚಿನ ಹೊಲಕ್ಕೆ ಬರೆಯದ ಎರಡು ಸಾಲು

ಮಕ್ಕಳೇ, ತವರಿಗೆ ಹೋಗಿ ಬಂದಾಗಿನಿಂದ ಅಜ್ಜಿ ಯಾಕೆ ಸರಿಯಾಗಿ ಮಾತಾಡುತ್ತಿಲ್ಲ ಎಂದು ನೀವು ಕೇಳುತ್ತಲೇ ಇದ್ದೀರಿ. ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ನಿಮ್ಮ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಕನಕಪುರದ ಆಚೆ, ಬೆಟ್ಟದ ತಲೆಯ ಮೇಲೆ ಇದೆ. ನಲವತ್ತು ಮನೆ ಇದ್ದಾವು. ಈಗಲೂ ಜೀಪು ಅರ್ಧ ಬೆಟ್ಟ ಹತ್ತಿ ನಿಲ್ಲುತ್ತದೆ; ಅಲ್ಲಿಂದ ಮುಂದೆ ಕಾಲುನಡಿಗೆ. ನಾನು ಚಿಕ್ಕವಳಿದ್ದಾಗ ನಮ್ಮೂರಿನವರು ಹೆಣ್ಣು ಕೇಳಲು ಕೆಳಗಿನ ಊರುಗಳಿಗೆ ಹೋದರೆ, "ನಿಮ್ಮೂರಿಗೆ ಕೊಟ್ರೆ ಮಗಳ ಮುಖ ನೋಡೋಕೆ ನಾವು ಕೋತಿಗಳಾಗ್ಬೇಕು ಕಣಪ್ಪ" ಎಂದು ನಗುತ್ತಿದ್ದರಂತೆ. ಹೊಲಕ್ಕೆ ಬೆಲೆ ಎಷ್ಟು ಎಂದು ಅಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೊಳ್ಳುವವರು ಯಾರಿದ್ದರು?

ನನ್ನ ಅಪ್ಪ ಮತ್ತು ದೊಡ್ಡಪ್ಪ ಬೇರೆಯಾದಾಗ ಕಾಗದದಲ್ಲಿ ಅಪ್ಪನಿಗೆ ಊಟೆಹೊಲ ಬಂತು, ದೊಡ್ಡಪ್ಪನಿಗೆ ಅಂಚಿನ ಹೊಲ. ಊಟೆಹೊಲದಲ್ಲಿ ನೆಲದಿಂದ ನೀರು ಜಿನುಗುತ್ತಿತ್ತು, ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಅಂಚಿನ ಹೊಲ ಬೆಟ್ಟದ ತುದಿಯಲ್ಲಿತ್ತು. ಬರೀ ಕಲ್ಲು. ಆಷಾಢದಲ್ಲಿ ಗಾಳಿ ರಾಗಿ ಪೈರನ್ನು ಚಾಪೆಯ ಹಾಗೆ ಮಲಗಿಸಿಬಿಡುತ್ತಿತ್ತು. ಆದರೆ ದೊಡ್ಡಮ್ಮನಿಗೆ ಉಬ್ಬಸ. ಊಟೆಯಿಂದ ಅಂಚಿನವರೆಗೆ ನೀರು ಹೊರಲು ಅವಳಿಂದ ಆಗುತ್ತಿರಲಿಲ್ಲ. ಅದನ್ನು ನೋಡಲಾರದೆ ಒಂದು ದಿನ ಅಪ್ಪನೇ, "ಅಣ್ಣ, ನೀನು ಊಟೆಹೊಲ ಮಾಡ್ಕೊ, ನಾನು ಅಂಚಿಗೆ ಹೋಯ್ತೀನಿ" ಎಂದ.

ನಮ್ಮಲ್ಲಿ ಹೊಲ ಬದಲಾಯಿಸಿಕೊಳ್ಳುವುದಕ್ಕೆ ಒಂದು ಕ್ರಮ ಇತ್ತು. ಇಬ್ಬರೂ ತಮ್ಮ ತಮ್ಮ ಹೊಲದಿಂದ ಒಂದು ಹಿಡಿ ಮಣ್ಣು ತಂದು ಒಂದೇ ವೀಳ್ಯದೆಲೆಯ ಮೇಲೆ ಸುರಿಯಬೇಕು. ಮನೆಯ ಹೆಣ್ಣುಮಗು ಅದರ ಮೇಲೆ ನೀರು ಬಿಡಬೇಕು. ಆ ಕಲಸಿದ ಮಣ್ಣನ್ನು ಎರಡೂ ಹೊಲಕ್ಕೆ ಎರಚಿದರೆ ಮುಗಿಯಿತು. ಚೊಂಬು ಹಿಡಿದವಳು ನಾನು. ನನಗಾಗ ಒಂಬತ್ತು ವರ್ಷ. ನನ್ನ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ.

ಎಲ್ಲ ಆದ ಮೇಲೆ ದೊಡ್ಡಪ್ಪ, "ಮಗು ನಾಕ್ನೇ ಕ್ಲಾಸು ಓದ್ತೈತಲ್ಲ, ಎರಡು ಸಾಲು ಬರೀಲಿ. ನಾವಿಬ್ರೂ ಹೆಬ್ಬೆಟ್ಟು ಒತ್ತೋಣ" ಎಂದ. ಸುತ್ತ ಕೂತಿದ್ದ ಗಂಡಸರೆಲ್ಲ ನನ್ನನ್ನೇ ನೋಡಿದರು. "ಬರ್ಯವ್ವ, ಮೇಷ್ಟ್ರು ಏನ್ ಕಲ್ಸವ್ರೆ ನೋಡಾನ!" ಎಂದು ಒಬ್ಬರು ನಕ್ಕರು. ನಾನು ಚೊಂಬನ್ನು ಅಲ್ಲೇ ಇಟ್ಟು ಓಡಿಹೋಗಿ ಅವ್ವನ ಸೀರೆಯ ಹಿಂದೆ ಬಚ್ಚಿಟ್ಟುಕೊಂಡೆ. ಅವ್ವ ಎಷ್ಟು ನೂಕಿದರೂ ಬರಲಿಲ್ಲ. ಅಪ್ಪ, "ಬಿಡಣ್ಣ, ನಮ್ಮಿಬ್ರ ನಡುವೆ ಯಾತರ ಕಾಗ್ದ" ಎಂದ. ಆಮೇಲೆ ಅಣ್ಣನ ಹತ್ತಿರ ಕಾಗದ ಕೇಳುವುದು ಮರ್ಯಾದೆಯಲ್ಲ ಎಂದು ಅವನು ಆ ಮಾತನ್ನೇ ಎತ್ತಲಿಲ್ಲ.

ಅಂಚಿನ ಹೊಲದ ಕಲ್ಲನ್ನೆಲ್ಲ ಅಪ್ಪ ಆಯ್ದು ಆಯ್ದು ಒಡ್ಡು ಕಟ್ಟಿದ. ಗಾಳಿಗೆ ಜಗ್ಗದ ಹುಚ್ಚೆಳ್ಳು ಚೆಲ್ಲಿದ. ಅಲ್ಲೇ ಮನೆ ಎಬ್ಬಿಸಿದ. ಅವನನ್ನು ಅಲ್ಲೇ ಮಣ್ಣು ಮಾಡಿದರು. ಮೂರು ವರ್ಷದ ಹಿಂದೆ ಅವನ ಪಕ್ಕದಲ್ಲೇ ನನ್ನ ತಮ್ಮನನ್ನೂ. ಈಗ ಆ ಮನೆಯಲ್ಲಿ ತಮ್ಮನ ಹೆಂಡತಿ, ಅವಳ ಮಗಳು, ಅಳಿಯ ಇದ್ದಾರೆ.

ನಾನು ಈ ಹೇರೋಹಳ್ಳಿಗೆ ಸೊಸೆಯಾಗಿ ಬಂದಾಗ ಇದೂ ಹಳ್ಳಿಯೇ. ಈಗ ನೀವು ನೀರಿನ ಕ್ಯಾನು ತರುವ ಅಂಗಡಿ ಇದೆಯಲ್ಲ, ಅದು ನಮ್ಮ ಕಣ ಇದ್ದ ಜಾಗ. ನಿಮ್ಮ ತಾತ ಹೊಲವನ್ನು ಸೈಟು ಮಾಡಿ ಮಾರಿದಾಗ ನಾನು ಒಳಗಿನಿಂದ ಕಾಫಿ ಕಳಿಸುತ್ತಿದ್ದೆ, ಅಷ್ಟೇ. ಭೂಮಿಗೆ ಬೆಲೆ ಬಂದರೆ ಏನಾಗುತ್ತದೆ ಎಂದು ಆವತ್ತೇ ಕಂಡಿದ್ದೇನೆ. ನಮ್ಮ ಬೆಟ್ಟಕ್ಕೆ ಅದು ಹತ್ತಲಾರದು ಎಂದುಕೊಂಡಿದ್ದೆ.

ದಸರೆ ಆದ ಮೇಲೆ ದೊಡ್ಡಪ್ಪನ ಮಗ ಒಂದು ಚೀಲ ಅವರೆಕಾಯಿ ಹೊತ್ತು ನಮ್ಮ ಮನೆಗೆ ಬಂದನಲ್ಲ, ನೆನಪಿದೆಯಾ? ಅವನು ಬಂದದ್ದು ಇದನ್ನು ಹೇಳಲು. ನಗರದ ಒಬ್ಬರಿಗೆ ಅಂಚಿನ ಹೊಲ ಬೇಕಂತೆ. ತುದಿಯಲ್ಲಿ ನಿಂತರೆ ಕಣಿವೆ ಕಾಣುತ್ತದಲ್ಲ, ಅಲ್ಲಿ ಕಾಟೇಜು ಕಟ್ಟುತ್ತಾರಂತೆ.

"ಅಕ್ಕ, ಪಹಣೀಲಿ ಅದು ಇವತ್ತಿಗೂ ನಮ್ಮಪ್ಪನ ಹೆಸ್ರಲ್ಲೇ ಐತೆ. ನಾನೇನು ಕಿತ್ಕೊಳ್ತಿಲ್ಲ. ಊಟೆಹೊಲ ನಿಮ್ಮಪ್ಪನ ಹೆಸ್ರಲ್ಲೈತೆ, ಅದನ್ನ ಬಿಟ್ಕೊಡ್ತೀನಿ. ನೀರಿರೋ ಭೂಮಿ ಕಣಕ್ಕ!"

"ಊಟೆಹೊಲದಲ್ಲಿ ಆನೆ ನೀರಿಗೆ ಇಳೀತಾವಲ್ಲಪ್ಪ, ಇವ್ರು ಅಲ್ಲಿ ಮನೆ ಹೆಂಗೆ ಕಟ್ಕೊಳ್ತಾರೆ?" ಎಂದೆ. "ಅಪ್ಪ, ತಮ್ಮ ಮಲಗಿರೋದು ಅಂಚಲ್ಲಿ."

"ಅದರ ಸುತ್ತ ಕಾಂಪೌಂಡ್ ಹಾಕ್ಸಿ ಕೊಡ್ತಾರಂತೆ."

ನಿಮ್ಮಲ್ಲಿ ದೊಡ್ಡವನೇ, ನೀನು ಮೊಬೈಲಿನಿಂದ ತಲೆ ಎತ್ತಿ, "ಅಜ್ಜಿ, ಆ ವ್ಯೂಗೆ ಡಿಮ್ಯಾಂಡ್ ಇದ್ದೇ ಇರುತ್ತೆ ಬಿಡು" ಎಂದೆ. ನಿನ್ನ ಮೇಲೆ ಕೋಪವಿಲ್ಲ ಕಣಪ್ಪ. ನೀನು ಹೇಳಿದ್ದು ಸರಿಯೇ. ನಾನು ಅವರೆಕಾಯಿ ಬಿಡಿಸುತ್ತ ಕೂತೆ.

ಅಳತೆಗೆ ದಿನ ಗೊತ್ತಾದಾಗ ತಮ್ಮನ ಹೆಂಡತಿ ಫೋನು ಮಾಡಿದಳು. "ಅತ್ಗೆ, ಆವತ್ತು ಕಣ್ಣಾರೆ ಕಂಡೋರಲ್ಲಿ ಉಳ್ದಿರೋದು ನೀವೊಬ್ರೇ. ಬಂದು ಒಂದು ಮಾತು ಹೇಳಿ."

ನಿಮ್ಮಪ್ಪ ಕಾರಿನಲ್ಲಿ ತಪ್ಪಲಿನವರೆಗೆ ಬಿಟ್ಟ. ಜೀಪು ನಿಂತ ಕಡೆಯಿಂದ ನಾನು ಆರು ಕಡೆ ಕೂತು ಎದ್ದು ಹತ್ತಿದೆ. ಸರ್ವೇಯರು ಚಿಕ್ಕ ಹುಡುಗ. ಮೂರು ಕಾಲಿನ ಯಂತ್ರ ನಿಲ್ಲಿಸಿಕೊಂಡಿದ್ದ. ಊರಿನ ಗಂಡಸರೆಲ್ಲ ಒಡ್ಡಿನ ಮೇಲೆ ಕೂತಿದ್ದರು. ನಾನು ಸೆರಗು ಬಿಗಿಯಾಗಿ ಹಿಡಿದುಕೊಂಡು, ಮಣ್ಣು, ಎಲೆ, ನೀರು, ಎಲ್ಲ ಹೇಳಿದೆ. ಅಷ್ಟು ಜನರ ಮುಂದೆ ನಾನು ಮಾತಾಡಿದ್ದು ಅದೇ ಮೊದಲು. ಹೆಬ್ಬೆಟ್ಟಿನ ಮಾತು ಬರುವ ಹೊತ್ತಿಗೆ ಮಾತ್ರ ನಿಲ್ಲಿಸಿಬಿಟ್ಟೆ.

ಜಗಳ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ದೊಡ್ಡಪ್ಪನ ಮಗನೇ ಎದ್ದು, "ಅಕ್ಕ ಹೇಳಿದ್ದು ನಿಜ ಸಾರ್, ನಮ್ಮಪ್ಪನೂ ಹಂಗೇ ಹೇಳ್ತಿದ್ದ" ಎಂದ.

ಸರ್ವೇಯರು ನನಗೆ ಕೂರಲು ತನ್ನ ಯಂತ್ರದ ಪೆಟ್ಟಿಗೆಯನ್ನೇ ಸರಿಸಿ ಕೊಟ್ಟ. "ಅಜ್ಜಿ, ಯಾರೂ ಇಲ್ಲ ಅಂತಿಲ್ವಲ್ಲ. ಆದ್ರೆ ನಾನು ಪಹಣೀಲಿ ಇರೋದನ್ನ ಅಳೀಬೇಕು. ಆವತ್ತು ಯಾರಾದ್ರೂ ಏನಾದ್ರೂ ಬರೆದಿಟ್ಟಿದ್ರಾ? ಬಿಳಿ ಹಾಳೆ ಆದ್ರೂ ಸರಿ. ಹೆಬ್ಬೆಟ್ಟು ಇದ್ದಿದ್ರೆ ಅದನ್ನ ಹಿಡ್ಕೊಂಡು ಕೇಳ್ಬೋದಿತ್ತು."

ಸಂಜೆಯ ಒಳಗೆ ಕಲ್ಲು ನೆಟ್ಟರು. ಒಂದು ಕಲ್ಲು ಹಿತ್ತಿಲಿನ ಒಲೆಯ ಪಕ್ಕಕ್ಕೇ ಬಂತು. ನಿಮ್ಮಪ್ಪ ವಕೀಲರನ್ನು ಕೇಳಿದ. ಕೇಸು ಹಾಕಬಹುದು, ವರ್ಷಗಟ್ಟಲೆ ಎಳೆಯುತ್ತದೆ ಎಂದರಂತೆ. ತಮ್ಮನ ಹೆಂಡತಿ ಬೇಡ ಎಂದಳು. ತಮ್ಮ ಸತ್ತಾಗ ಮಳೆಯಲ್ಲಿ ಗುಂಡಿ ತೋಡಿದವನು ಆ ದೊಡ್ಡಪ್ಪನ ಮಗನೇ. ನಲವತ್ತು ಮನೆಯ ಊರಿನಲ್ಲಿ ಅವನ ಮೇಲೆ ಕೋರ್ಟಿಗೆ ಹೋಗಿ ಆಮೇಲೆ ಬೆಂಕಿ ಕೇಳಲು ಯಾರ ಮನೆಗೆ ಹೋಗಬೇಕು?

ಕಲ್ಲು ನೆಟ್ಟ ರಾತ್ರಿ ಊಟಕ್ಕೆ ಕೂತಾಗ ತಮ್ಮನ ಹೆಂಡತಿ ನಕ್ಕಳು. "ಇಷ್ಟು ವರ್ಷ ಈ ಹಾಳು ಗಾಳೀನ ಬೈಕೊಂಡೇ ಬದುಕಿದ್ವಿ. ಈಗ ಅದನ್ನ ಕುಡಿಯೋಕೆ ಕಾಸು ಕೊಟ್ಟು ಬತ್ತಾರಂತೆ ಅತ್ಗೆ." ನನಗೆ ನಗು ಬರಲಿಲ್ಲ. ಅವಳು ಮುದ್ದೆ ಮುರಿಯುತ್ತ ಕೇಳಿದಳು: "ಆವತ್ತು ಬರೆಯೋಕೆ ಬರೋರು ಯಾರೂ ಇರ್ಲಿಲ್ವಾ?"

"ಇರ್ಲಿಲ್ಲ ಕಣವ್ವ" ಎಂದೆ.

ಅವಳು ಹೌದೆನ್ನುವಂತೆ ತಲೆಯಾಡಿಸಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಹುಚ್ಚೆಳ್ಳು ಬಡಿದ ಮೇಲೆ ಅವರು ಮನೆ ಬಿಡಬೇಕು. ಅವಳ ಮಗಳು ಅಳಿಯ ಇಲ್ಲೇ ನಮ್ಮ ಹತ್ತಿರದ ಬ್ಯಾಡರಹಳ್ಳಿ ಕಡೆ ಬಾಡಿಗೆ ಮನೆ ಸಿಗುತ್ತದಾ ನೋಡಿ ಎಂದಿದ್ದಾರೆ. ತಮ್ಮನ ಹೆಂಡತಿ ಬರುತ್ತಾಳೋ ಇಲ್ಲವೋ, ಇನ್ನೂ ಹೇಳಿಲ್ಲ. ನಿನ್ನೆ ನೀವು ಶಾಲೆಗೆ ಹೋದ ಮೇಲೆ ಈ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆ ಎರಡು ಸಾಲು ಬರೆದು ನೋಡಿದೆ. ಅಪ್ಪನ ಹೊಲ ದೊಡ್ಡಪ್ಪನಿಗೆ, ದೊಡ್ಡಪ್ಪನ ಹೊಲ ಅಪ್ಪನಿಗೆ, ಇಬ್ಬರೂ ಒಪ್ಪಿದ್ದಾರೆ. ಕುಕ್ಕರಿಗೆ ಅಕ್ಕಿ ಇಟ್ಟು ಕೂತಿದ್ದೆ. ಮೊದಲನೇ ಸೀಟಿ ಬರುವುದರೊಳಗೆ ಬರೆದು ಮುಗಿದಿತ್ತು.