ಕೇಳದೆ ಮಾಡಿದ ರಿಪೇರಿ

ನಮ್ಮ ಯಜಮಾನರದು ಸುಮ್ಮನಿರುವ ಕೈಯಲ್ಲ. ಮೂವತ್ತೈದು ವರ್ಷದಿಂದ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಾರೆ. ಯಾರಾದರೂ ವೈರು ಬದಲಾಯಿಸಿ ಎಂದು ತಂದರೆ ಒಳಗಿನದನ್ನೆಲ್ಲ ಬಿಚ್ಚಿ, ಯಾರೂ ಹೇಳದ ದೋಷವನ್ನೂ ಹುಡುಕಿ ತೆಗೆಯುತ್ತಾರೆ. ತೆಗೆದ ಹಳೆಯ ಭಾಗವನ್ನು ಮಾತ್ರ ಎಸೆಯುವುದಿಲ್ಲ. ಬೆಂಕಿಪೊಟ್ಟಣದಲ್ಲಿ ಹಾಕಿ, ಮೇಲೆ ತಾರೀಖು ಬರೆದು, ಮಾಲೀಕರ ಕೈಗೇ ಕೊಡಬೇಕು. "ಅವರ ಸಾಮಾನು ಅವರಿಗೇ ಸೇರ್ಬೇಕು ಕಣೇ." ಮಾಲೀಕರು ಒಯ್ಯದ ಪೊಟ್ಟಣಗಳೆಲ್ಲ ನಮ್ಮ ಬೀರುವಿಗೆ ಬರುತ್ತವೆ. ನನ್ನ ಬಟ್ಟೆಗೆ ಅದರಲ್ಲಿ ಜಾಗವಿಲ್ಲ.

ಈ ಗುಣದ ಮೇಲೆ ನನಗೆ ಹಳೆಯ ಸಿಟ್ಟೊಂದಿದೆ. ಮದುವೆಯಾದ ಹೊಸತರಲ್ಲಿ ನಮ್ಮಪ್ಪ ತೀರಿಕೊಂಡರು, ಅವರ ರೇಡಿಯೋ ನನ್ನ ಪಾಲಿಗೆ ಬಂತು. ಹಾಕಿದೊಡನೆ ಅದು ಗೊರಗೊರ ಎಂದು, ಆಮೇಲೆ ಮಾತಾಡುತ್ತಿತ್ತು. ಥೇಟ್ ಅಪ್ಪ ಬೆಳಿಗ್ಗೆ ಎದ್ದು ಗಂಟಲು ಸರಿಮಾಡಿಕೊಂಡ ಹಾಗೆ. ನಾನು ತರಕಾರಿ ತರುವಷ್ಟರಲ್ಲಿ ಈ ಪುಣ್ಯಾತ್ಮ ಅದನ್ನು ರಿಪೇರಿ ಮಾಡಿಟ್ಟಿದ್ದರು! ನಾನು ಅತ್ತು ಕೂಗಾಡಿದರೆ, "ಅದು ದೋಷ ಕಣೇ, ಹೋಯ್ತಲ್ಲ, ಖುಷಿಪಡು" ಎಂದರು. ಅಂದಿನಿಂದ ಮೂವತ್ತು ವರ್ಷ ಆ ರೇಡಿಯೋವನ್ನು ನಾನು ಮುಟ್ಟಿಲ್ಲ.

ಮೊನ್ನೆ ಒಬ್ಬಳು ಹುಡುಗಿ ಹಳೆಯ ಸಿಂಥಸೈಜರ್ ತಂದಳು, ಹಾರ್ಮೋನಿಯಂ ಥರ ಮನೆಗಳಿದ್ದು ಕರೆಂಟಿನಲ್ಲಿ ನುಡಿಯುವ ವಾದ್ಯ. "ಅಂಕಲ್, ಸ್ವಿಚ್ಚು ಸಡಿಲ ಆಗಿದೆ, ಅದೊಂದು ನೋಡಿ ಸಾಕು." ಅದೊಂದನ್ನೇ ನೋಡಿ ಬಿಡುವ ಪೈಕಿಯೇ ಇವರು? ಅವಳ ಸಂಗೀತ ಕಾರ್ಯಕ್ರಮವಿದ್ದ ದಿನ ಮಧ್ಯಾಹ್ನ ಅವಳ ಕಡೆಯವರು ಬಂದು, ದೀಪ ಉರಿಯುತ್ತದೆಯೇ ಎಂದಷ್ಟೇ ನೋಡಿ, ಎರಡು ಪಾಸು ಕೊಟ್ಟು ಒಯ್ದರು. ಮಾಲೀಕಳ ಕೈಗೆ ಕೊಡಬೇಕಾದ ಬೆಂಕಿಪೊಟ್ಟಣ ಇವರ ಜೇಬಿನಲ್ಲೇ ಉಳಿಯಿತು. ಅದಕ್ಕಾಗಿಯೇ ಸಂಜೆ ಇಬ್ಬರೂ ಹೊರಟೆವು.

ಡಾರ್ಕ್ ಸಿಂಥ್‌ವೇವ್ ಅಂತೆ ಆ ಸಂಗೀತದ ಹೆಸರು. ಸಭಾಂಗಣದ ತುಂಬ ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟ ಹುಡುಗ ಹುಡುಗಿಯರು. ನಡುವೆ ಹಳದಿ ಬಟ್ಟೆಯ ನಾನೊಬ್ಬಳು.

"ಏನ್ರೀ, ಯಾರಾದ್ರೂ ಹೋಗ್ಬಿಟ್ರಾ?" ಎಂದು ಪಿಸುಗುಟ್ಟಿದೆ.

ದೀಪ ಆರಿತು. ಕೆಂಪು ಹೊಗೆಯೊಳಗಿಂದ ಕಪ್ಪು ಮುಖವಾಡ ಹಾಕಿಕೊಂಡು ನಮ್ಮ ಹುಡುಗಿಯೇ ಬಂದಳು. ಅಬ್ಬಬ್ಬಾ, ಆ ಸದ್ದೋ! ನೆಲ ನಡುಗಿತು, ನನ್ನ ಕಟ್ಟಿಸಿದ ಹಲ್ಲು ತಾನೇ ತಾಳ ಹಾಕತೊಡಗಿತು. ಸುಳ್ಳೇಕೆ ಹೇಳಲಿ, ನಾಲ್ಕನೆಯ ಹಾಡಿಗೆ ನನ್ನ ಕಾಲೂ ಕುಣಿಯುತ್ತಿತ್ತು. ಯಜಮಾನರು ಮಾತ್ರ ಕಣ್ಣು ಮುಚ್ಚಿ, "ಎಡಗಡೆ ಸ್ಪೀಕರಲ್ಲಿ ಒಂದು ಸ್ಕ್ರೂ ಲೂಸಿದೆ" ಎನ್ನುತ್ತಿದ್ದರು.

ಕೊನೆಯ ಹಾಡಿಗೆ ಅವಳು ನಮ್ಮ ಅಂಗಡಿಗೆ ಬಂದಿದ್ದ ವಾದ್ಯದ ಮುಸುಕು ತೆಗೆದಳು. ಜನವೆಲ್ಲ ಉಸಿರು ಬಿಗಿಹಿಡಿದರು. ಅವಳು ಒತ್ತಿದಳು. ಹಾಲಿನಷ್ಟು ನಯವಾದ ಒಂದು ಸ್ವರ ಬಂತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದ ಹುಡುಗಿ ನನ್ನತ್ತ ತಿರುಗಿ, "ಆಂಟಿ, ಆ ಗುಟುರು ಎಲ್ಲಿ ಹೋಯ್ತು? ನಾವು ಅದನ್ನ ಕೇಳೋಕೇ ಬಂದಿದ್ದು" ಎಂದಳು. ವೇದಿಕೆಯ ಮೇಲಿನವಳು ಮತ್ತೆ ಮತ್ತೆ ಒತ್ತಿ, "ಐದು ನಿಮಿಷ" ಎಂದು ವಾದ್ಯವನ್ನು ಎತ್ತಿಸಿಕೊಂಡು ಹಿಂದಕ್ಕೆ ಹೋದಳು.

ಯಜಮಾನರ ಮುಖ ಇಷ್ಟೇ ಇಷ್ಟಾಗಿತ್ತು. "ದೋಷ ಇತ್ತು ಕಣೇ… ತೆಗೆದ್ಬಿಟ್ಟೆ."

"ನಡೀರಿ!" ಎಂದು ರಟ್ಟೆ ಹಿಡಿದು ವೇದಿಕೆಯ ಹಿಂದಕ್ಕೆ ಎಳೆದೊಯ್ದೆ.

ಮುಖವಾಡ ತೆಗೆದಿದ್ದ ಹುಡುಗಿಯ ಕಣ್ಣಲ್ಲಿ ನೀರು. "ಅಂಕಲ್, ಅದೇ ನನ್ನ ದನಿ. ಹತ್ತು ವರ್ಷದಿಂದ ಅದನ್ನ ನಂಬ್ಕೊಂಡೇ ಬಾರಿಸ್ತಿದ್ದೀನಿ. ಒಂದು ಮಾತು ಕೇಳ್ಬಾರ್ದಾಗಿತ್ತಾ?"

ಇವರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಸೌಂಡಿನವರ ಹತ್ತಿರ ಬೆಸುಗೆ ಕಡ್ಡಿ ಇಸಿದುಕೊಂಡು ಕೂತರು. "ಕೆಟ್ಟಿದ್ದನ್ನ ನನ್ನ ಕೈಯಾರೆ ಹಾಕ್ತಿದ್ದೀನಲ್ಲೇ" ಎಂದರು.

"ಹಾಕಿ" ಎಂದೆ.

ಹುಡುಗಿ ವೇದಿಕೆಗೆ ಮರಳಿ ಒತ್ತಿದಾಗ ಆ ವಾದ್ಯ ಹೊಟ್ಟೆಯಾಳದಿಂದ ಗುಟುರು ಹಾಕಿತು. ಜನ ಹುಚ್ಚೆದ್ದು ಕೂಗಿದರು, ನಾನೂ ಕೂಗಿದೆ. ತಿರುಗಿ ನೋಡಿದರೆ ಇವರು ವೇದಿಕೆಯತ್ತ ನೋಡುತ್ತಲೇ ಇರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ಹೊರಗೆ ಯಾರೋ ಗಂಟಲು ಸರಿಮಾಡಿಕೊಂಡರು. ಕೈಯಲ್ಲಿದ್ದ ಸೌಟಿನೊಂದಿಗೇ ಓಡಿ ಬಂದೆ. ಮೇಜಿನ ಮೇಲೆ ಅಪ್ಪನ ರೇಡಿಯೋ ವಾರ್ತೆ ಓದುತ್ತಿತ್ತು. ಪಕ್ಕದಲ್ಲಿ ಖಾಲಿ ಬೆಂಕಿಪೊಟ್ಟಣ. ಮೇಲೆ ಮಾಸಿದ ಶಾಯಿಯಲ್ಲಿ ಮೂವತ್ತು ವರ್ಷದ ಹಿಂದಿನ ತಾರೀಖು, "ಮಾವನವರ ರೇಡಿಯೋ" ಎಂಬ ಬರಹ.

"ಕೊಡೋಣ ಅಂದ್ರೆ ಮಾಲೀಕರು ಇರ್ಲಿಲ್ಲ," ಎಂದರು ತಲೆಯೆತ್ತದೆ. "ನೀನಿದ್ದೆ ಅನ್ನೋದು ನನಗೆ ಹೊಳೀಲಿಲ್ಲ. ತಪ್ಪಾಯ್ತು ಕಣೇ."

ಬೈಯಬೇಕೆಂದು ಬಾಯಿ ತೆರೆದೆ. ಸೌಟನ್ನು ಮೇಜಿನ ಮೇಲಿಟ್ಟೆ.

"ಆಫ್ ಮಾಡಿ," ಎಂದೆ. "ಆಫ್ ಮಾಡಿ ಇನ್ನೊಂದ್ಸಲ ಹಾಕ್ರೀ."